ಕಡತ ಸಾಗಣೆಯ ಕಟ್ಟಳೆಗಳು

1969ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಶಾಖೆಯಾದ ಆರ್ಪಾ ತನ್ನ ಹಣದಿಂದ ಒಂದು ಜಾಲಕ್ಕೆ ಜೋಡಿಸಿದ ಮೊದಲ ನಾಲ್ಕು ಗಣಕಯಂತ್ರಗಳು ಒಂದೇ ಕುಲಕ್ಕೆ ಸೇರಿದವಾಗಿರಲಿಲ್ಲ. ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿದ್ದ ಸಿಗ್ಮಾ-7 ಯಂತ್ರವು 32 ಬಿಟ್‌ಗಳನ್ನು ಒಂದು ಘಟಕವಾಗಿ ಎಣಿಸುತ್ತಿತ್ತು. ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಎಸ್‌ಡಿಎಸ್-940ಕ್ಕೆ 24 ಬಿಟ್‌ಗಳೇ ಒಂದು ಘಟಕ. ಯೂಟಾದ ಪಿಡಿಪಿ-10ಕ್ಕೆ 36. ಸಾಂಟಾ ಬಾರ್ಬರಾದ ಐಬಿಎಂ 360/75ಕ್ಕೆ ಮತ್ತೆ 32. ಅಳತೆ ಕೂಡಿದಲ್ಲಿಯೂ ಅಕ್ಷರ ಕೂಡಬೇಕೆಂಬ ನಿಯಮವಿರಲಿಲ್ಲ. ಐಬಿಎಂ ಯಂತ್ರವು ಎಬ್ಸಿಡಿಕ್ ಎಂಬ ಸಂಕೇತದಲ್ಲಿ ಬರೆದುಕೊಂಡುದನ್ನು ಆಸ್ಕಿ ಸಂಕೇತದಲ್ಲಿ ಪಳಗಿದ ಯಂತ್ರವು ಓದಹೊರಟರೆ ಅದಕ್ಕೆ ಕಾಣುತ್ತಿದ್ದುದು ಬರಿಯ ಅಸಂಬದ್ಧ ಚಿಹ್ನೆಗಳ ರಾಶಿ. ಇನ್ನೂ ಎರಡೇ ಯಂತ್ರಗಳು ಜೋಡಣೆಯಾಗಿದ್ದಾಗ, ಅಕ್ಟೋಬರ್ 29ರ ರಾತ್ರಿ, ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿಯು ಲಾಸ್ ಏಂಜಲೀಸಿನಲ್ಲಿ ಕುಳಿತು ಮೆನ್ಲೋ ಪಾರ್ಕಿನ ಯಂತ್ರವನ್ನು ಪ್ರವೇಶಿಸಲೆಂದು ‘ಲಾಗಿನ್’ ಎಂಬ ಆದೇಶವನ್ನು ಒಂದೊಂದೇ ಅಕ್ಷರವಾಗಿ ಒತ್ತತೊಡಗಿದನು. ಎರಡು ಅಕ್ಷರಗಳು ಆಚೆಯ ದಡವನ್ನು ಮುಟ್ಟಿದುವು. ಮೂರನೆಯದಕ್ಕೆ ಅಲ್ಲಿಯ ಯಂತ್ರ ಕುಸಿದುಬಿತ್ತು. ಸುಮಾರು ಒಂದು ಗಂಟೆಯ ತರುವಾಯ ದೋಷವನ್ನು ತಿದ್ದಿ ಮತ್ತೆ ಪ್ರಯತ್ನಿಸಿದಾಗ ಕಾರ್ಯ ಕೈಗೂಡಿತಾದರೂ, ಈ ಜಾಲದ ಮೊತ್ತಮೊದಲ ಸಂದೇಶವು ಅರ್ಧಕ್ಕೆ ನಿಂತ ಸಂದೇಶವೆಂಬ ಮಾತು ಚರಿತ್ರೆಯಲ್ಲಿ ಉಳಿದುಹೋಯಿತು.

ಇಂದಿನ ದಿನ ನಮ್ಮಲ್ಲಿ ಯಾರಾದರೊಬ್ಬರು ಒಂದು ದೊಡ್ಡ ಕಡತವನ್ನು ಡೌನ್‌ಲೋಡ್ ಮಾಡಹೊರಟು, ಅದು ಮುಕ್ಕಾಲು ಪಾಲು ಬಂದು ನಿಂತಾಗಲೋ, ಪೂರ್ತಿ ಬಂದರೂ ತೆರೆದುಕೊಳ್ಳದೆ ಹೋದಾಗಲೋ, ಅದನ್ನು ತಮ್ಮ ಮೇಲೆಯೇ ವಿಶೇಷವಾಗಿ ಎರಗಿದ ಹೊಸದೊಂದು ವಿಪತ್ತೆಂದು ಭಾವಿಸಿ ಸಂಪರ್ಕ ಕೊಟ್ಟ ಕಂಪೆನಿಯವರನ್ನೂ ತಮ್ಮ ಗ್ರಹಚಾರವನ್ನೂ ಸಮನಾಗಿ ಹಳಿಯುವುದು ಸಹಜ. ಆದರೆ ಆ ವಿಪತ್ತುಗಳಲ್ಲಿ ಬಹುಪಾಲು ಹಳೆಯವು. ಒಂದೊಂದಕ್ಕೂ ಹುಟ್ಟಿದ ವರ್ಷವುಂಟು, ಅದನ್ನು ಮೊದಲು ಕಂಡು ಬರೆದಿಟ್ಟವರುಂಟು, ಅದಕ್ಕೆ ವಿಧಿಸಿದ ಪರಿಹಾರವುಂಟು, ಕೆಲವೊಮ್ಮೆ ಆ ಪರಿಹಾರದಿಂದಲೇ ಹುಟ್ಟಿದ ಮತ್ತೊಂದು ತೊಡಕೂ ಉಂಟು. ಅಂತರಜಾಲದ ಪ್ರಮಾಣಪತ್ರಗಳೆಂದು ಹೆಸರಾದ ಆರ್‌ಎಫ್‌ಸಿಗಳನ್ನು ಶುಷ್ಕವಾದ ನಿಯಮಾವಳಿಯೆಂದು ದೂರವಿಡುವವರು, ಅವುಗಳ ಪ್ರತಿಯೊಂದು ವಿಧಿಯ ಹಿಂದೆಯೂ ಎಲ್ಲಿಯೋ ಒಮ್ಮೆ ಕೆಟ್ಟುನಿಂತ ಒಂದು ಸಾಗಣೆಯಿದೆಯೆಂಬುದನ್ನು ಗಮನಿಸಿದರೆ, ಅದೇ ಪತ್ರಗಳು ವಿಲಕ್ಷಣವಾದೊಂದು ಚರಿತ್ರೆಯಾಗಿ ಓದಿಸಿಕೊಳ್ಳುತ್ತವೆ.

ಆ ಪತ್ರಗಳ ಸಂಪ್ರದಾಯ ಆರಂಭವಾದುದೂ ಅದೇ ವರ್ಷ. ನಾಲ್ಕು ವಿದ್ಯಾಕೇಂದ್ರಗಳ ಯಂತ್ರಗಳು ಪರಸ್ಪರ ಹೇಗೆ ಮಾತನಾಡಬೇಕೆಂಬುದನ್ನು ಗೊತ್ತುಮಾಡುವ ಹೊಣೆ, ಆಶ್ಚರ್ಯವೆನ್ನಿಸುವಂತೆ, ಬಹುಮಟ್ಟಿಗೆ ಇನ್ನೂ ವ್ಯಾಸಂಗ ಮುಗಿಸದ ತರುಣರ ಮೇಲೆ ಬಿದ್ದಿತು. ಅವರ ಪೈಕಿ ಸ್ಟೀವ್ ಕ್ರಾಕರ್ ಎಂಬವರು ತಾವು ಬರೆದಿಡುವ ಟಿಪ್ಪಣಿಗಳು ಅಧಿಕಾರವಾಣಿಯಂತೆ ಕೇಳಿಸಿ ಹಿರಿಯರಾರಿಗಾದರೂ ಅಸಮಾಧಾನವಾದೀತೆಂಬ ಅಂಜಿಕೆಯಿಂದ, ಅವನ್ನು ಅಭಿಪ್ರಾಯ ಕೋರುವ ಪತ್ರಗಳೆಂದು ಮಾತ್ರ ಕರೆದರು. ಆ ಕೋರಿಕೆಯ ಇಂಗ್ಲಿಷ್ ಹೆಸರಿನ ಆದ್ಯಕ್ಷರಗಳೇ ಆರ್‌ಎಫ್‌ಸಿ. ಮೊದಲನೆಯ ಪತ್ರವನ್ನು, ಜೊತೆಯಲ್ಲಿದ್ದವರ ನಿದ್ರೆಗೆ ಭಂಗ ಬಾರದಿರಲೆಂದು, ಅವರು ರಾತ್ರಿಯ ವೇಳೆ ಸ್ನಾನದ ಕೋಣೆಯಲ್ಲಿ ಕುಳಿತು ಬರೆದರಂತೆ. ಅದರ ಮೇಲಿನ ತಾರೀಖು 1969ರ ಏಪ್ರಿಲ್ 7. ನುಣುಪು ಕಡಮೆಯಾದರೂ ಸರಿ, ತೋಚಿದ್ದನ್ನು ಕಾಲಕ್ಕೆ ಸರಿಯಾಗಿ ಬರೆದು ಹಂಚಬೇಕೆಂಬುದು ಮೂರನೆಯ ಪತ್ರದಲ್ಲಿ ಅವರೇ ಹಾಕಿಕೊಟ್ಟ ಪದ್ಧತಿ. ಅಂದಿನಿಂದ ಮೂರು ದಶಕಗಳ ಕಾಲ, 1998ರ ಅಕ್ಟೋಬರಿನಲ್ಲಿ ಕಾಲವಶರಾಗುವವರೆಗೆ, ಈ ಪತ್ರಗಳನ್ನು ಸಂಪಾದಿಸಿ, ಕ್ರಮಸಂಖ್ಯೆ ಕೊಟ್ಟು, ಕಾಪಿಟ್ಟವರು ಜಾನ್ ಪೋಸ್ಟೆಲ್. ಒಮ್ಮೆ ಸಂಖ್ಯೆ ಪಡೆದ ಪತ್ರದ ಒಂದಕ್ಷರವನ್ನೂ ಬದಲಾಯಿಸುವಂತಿಲ್ಲ. ತಪ್ಪಿದ್ದರೆ ಹೊಸ ಸಂಖ್ಯೆಯ ಮತ್ತೊಂದು ಪತ್ರ ಬಂದು ಹಳೆಯದನ್ನು ಬದಿಗೆ ಸರಿಸಬೇಕು. ನಮ್ಮ ಶಾಸನಗಳಲ್ಲಿ ಕಲ್ಲನ್ನು ಕೆರೆದು ತಿದ್ದಿದ ಸಂಶೋಧಕರ ಶತ್ರುಗಳನ್ನು ಬಲ್ಲ ಚರಿತ್ರಕಾರನಿಗೆ ಇಂತಹ ದಫ್ತರವೊಂದು ಕೈಗೆ ಸಿಕ್ಕುವುದು ಅಪೂರ್ವ ಭಾಗ್ಯವೇ ಸರಿ.

ಕಡತಗಳ ಸಾಗಣೆಗೆ ಮೊದಲ ಕಟ್ಟಳೆ ಬರೆದವರು ಭಾರತೀಯರೆಂಬುದು ನಮ್ಮಲ್ಲಿ ಸಾಕಷ್ಟು ಪ್ರಚಾರವಾಗಿಲ್ಲ. ಅಲಹಾಬಾದಿನಲ್ಲಿ ಹುಟ್ಟಿ, ಕಾನ್ಪುರದ ಐಐಟಿಯ ಪ್ರಥಮ ತಂಡದಲ್ಲಿ 1965ರಲ್ಲಿ ಪದವಿ ಪಡೆದು, ಅಲ್ಲಿಂದ ಅಮೆರಿಕದ ಎಂಐಟಿಗೆ ತೆರಳಿದ ಅಭಯ ಭೂಷಣರು 1971ರ ಏಪ್ರಿಲ್ 16ರಂದು ಹೊರಡಿಸಿದ 114ನೆಯ ಆರ್‌ಎಫ್‌ಸಿಯೇ ಎಫ್‌ಟಿಪಿ ಎಂಬ ಕಡತ ಸಾಗಣೆಯ ಶಿಷ್ಟಾಚಾರದ ಮೂಲ. ದೂರದ ಯಂತ್ರದೊಳಕ್ಕೆ ತಾನೇ ಪ್ರವೇಶಿಸಿ, ಅದರ ಆದೇಶಭಾಷೆಯನ್ನು ಕಲಿತು ದುಡಿಯುವುದು ಪ್ರತ್ಯಕ್ಷವಾದ ಬಳಕೆ. ತನ್ನ ಯಂತ್ರದ ಮುಂದೆ ಕುಳಿತೇ, ಆ ದೂರದ ಯಂತ್ರವು ಕಡತಗಳನ್ನು ಹೇಗೆ ಇಟ್ಟುಕೊಂಡಿದೆಯೆಂಬ ಗೊಡವೆಯಿಲ್ಲದೆ, ಬೇಕಾದುದನ್ನು ತರಿಸಿಕೊಳ್ಳುವುದು ಪರೋಕ್ಷವಾದ ಬಳಕೆ. ಈ ಎರಡನೆಯದಕ್ಕೆ ದಾರಿಮಾಡುವುದು ಭೂಷಣರ ಉದ್ದೇಶವಾಗಿತ್ತು. ಮರುವರ್ಷ ಅವರೇ ಅದನ್ನು ತಿದ್ದಿ ಬೆಳೆಸಿದರು. ಅಂಚೆಯನ್ನು ಒಯ್ಯುವ ಎರಡು ಆದೇಶಗಳೂ ಅದಕ್ಕೆ ಸೇರಿದುವು. 1982ರಲ್ಲಿ ಪೋಸ್ಟೆಲ್ ಅಂಚೆಗೇ ಮೀಸಲಾದ ಪ್ರತ್ಯೇಕ ಕಟ್ಟಳೆಯನ್ನು ಸಿದ್ಧಗೊಳಿಸುವವರೆಗೆ ಮಿಂಚಂಚೆಗೆ ಈ ಕಡತದ ಬಂಡಿಯೂ ಒಂದು ವಾಹನವಾಗಿತ್ತು. 1983ರ ಜನವರಿ 1ರಂದು ಇಡಿಯ ಜಾಲವು ಹಳೆಯ ಸಂಪರ್ಕವಿಧಾನವನ್ನು ತೊರೆದು ಟಿಸಿಪಿ-ಐಪಿಗೆ ಬದಲಾಯಿಸಿಕೊಂಡಿತು. ಆ ಬದಲಾವಣೆಯ ಬಳಿಕ, 1985ರ ಅಕ್ಟೋಬರಿನಲ್ಲಿ, ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಸೇರಿ ಹೊರಡಿಸಿದ 959ನೆಯ ಪತ್ರವು ಎಫ್‌ಟಿಪಿಗೆ ಸ್ಥಿರವಾದ ರೂಪ ಕೊಟ್ಟಿತು.

ಈ ಕಟ್ಟಳೆಯಲ್ಲಿ ನನಗೆ ಅತ್ಯಂತ ವಿವೇಕಯುತವೆಂದು ತೋರುವುದು ಅದರ ಉತ್ತರಸಂಖ್ಯೆಗಳ ವ್ಯವಸ್ಥೆ. ಪ್ರತಿಯೊಂದು ಆದೇಶಕ್ಕೂ ಆಚೆಯ ಸರ್ವರ್ ಮೂರಂಕಿಯ ಸಂಖ್ಯೆಯೊಂದನ್ನು ಮುಂದಿಟ್ಟು ಉತ್ತರಿಸುತ್ತದೆ. ಮೊದಲ ಅಂಕಿ 2 ಆದರೆ ಕೆಲಸ ಸಾಂಗವಾಯಿತು; 3 ಆದರೆ ಇನ್ನೂ ಏನನ್ನೋ ಕೇಳುತ್ತಿದೆ, ಬಹುಶಃ ಪಾಸ್‌ವರ್ಡ್; 4 ಆದರೆ ಕೆಲಸ ಕೆಟ್ಟಿದೆ, ಆದರೆ ಕೆಟ್ಟದ್ದು ತಾತ್ಕಾಲಿಕ, ಸ್ವಲ್ಪ ತಡೆದು ಮತ್ತೆ ಕೇಳಬಹುದು; 5 ಆದರೆ ಎಷ್ಟು ಸಲ ಕೇಳಿದರೂ ಅದೇ ಉತ್ತರ, ಕೇಳುವ ರೀತಿಯನ್ನೇ ಬದಲಾಯಿಸಬೇಕು. 530 ಬಂದರೆ ಹೆಸರೋ ಪಾಸ್‌ವರ್ಡೋ ಒಪ್ಪಿಗೆಯಾಗಿಲ್ಲ. 550 ಬಂದರೆ ಆ ಹೆಸರಿನ ಕಡತವಿಲ್ಲ, ಇಲ್ಲವೆ ಇದ್ದರೂ ಮುಟ್ಟಲು ಅನುಮತಿಯಿಲ್ಲ. 425 ಎಂದರೆ ಮಾತುಕತೆಗೆ ದಾರಿ ತೆರೆದಿದೆ, ಸರಕಿಗೆ ತೆರೆಯಲಿಲ್ಲ. 426 ಎಂದರೆ ಸರಕು ಬರುತ್ತಿದ್ದಂತೆಯೇ ದಾರಿ ಕಡಿದುಹೋಯಿತು. ಮನುಷ್ಯನಿಗೆ ವಿವರವಾದ ವಾಕ್ಯ, ಯಂತ್ರಕ್ಕೆ ಸಂಖ್ಯೆ. ಇಬ್ಬರಿಗೂ ಒಂದೇ ಸಾಲಿನಲ್ಲಿ ಸಮಾಧಾನ. ಮುಂದೆ ಅಂಚೆಯ ಕಟ್ಟಳೆಯೂ ವೆಬ್ಬಿನ ಕಟ್ಟಳೆಯೂ ಇದೇ ಪರಂಪರೆಯನ್ನು ಹಿಡಿದುವು. ಇಂದು ಶಾಲೆಯ ಮಕ್ಕಳ ಬಾಯಲ್ಲೂ ಪರಿಹಾಸದ ಮಾತಾಗಿ ಹೋಗಿರುವ 404 ಎಂಬುದು ಇದೇ ವಂಶದ ಕುಡಿ. ಕೆಟ್ಟ ಡೌನ್‌ಲೋಡನ್ನು ಪರೀಕ್ಷಿಸಹೊರಟವನು ಮೊದಲು ನೋಡಬೇಕಾದುದು ಈ ಸಂಖ್ಯೆಯನ್ನೇ. ಆದರೆ ಈಚಿನ ತಂತ್ರಾಂಶಗಳು ಬಳಕೆದಾರನಿಗೆ ಭಯವಾದೀತೆಂಬ ಕರುಣೆಯಿಂದ ಸಂಖ್ಯೆಯನ್ನು ಮುಚ್ಚಿ, ‘ಏನೋ ತೊಂದರೆಯಾಗಿದೆ’ ಎಂಬ ಒಂದೇ ಮಾತನ್ನು ಎಲ್ಲ ರೋಗಕ್ಕೂ ಹೇಳತೊಡಗಿವೆ. ಈ ಕರುಣೆಯನ್ನು ನಾನು ಕ್ರೌರ್ಯವೆಂದೇ ಎಣಿಸುತ್ತೇನೆ.

ಎಫ್‌ಟಿಪಿ ಕಟ್ಟಳೆಯ ಎರಡು ತೀರ್ಮಾನಗಳು ಮಾತ್ರ ಮುಂದಿನ ಕಾಲಕ್ಕೆ ಅಪರಿಮಿತವಾದ ಕ್ಲೇಶವನ್ನು ತಂದಿಟ್ಟುವು. ಅವೆರಡೂ ತಮ್ಮ ಕಾಲಕ್ಕೆ ನ್ಯಾಯವಾಗಿಯೇ ಇದ್ದುವೆಂಬುದನ್ನು ಮರೆಯಬಾರದು.

ಮೊದಲನೆಯದು ಪಠ್ಯ ಮತ್ತು ದ್ವಿಮಾನಗಳ ಭೇದ. ಸಾಲಿನ ಅಂತ್ಯವನ್ನು ಸೂಚಿಸುವುದಕ್ಕೆ ಒಂದು ಯಂತ್ರ ಒಂದು ಚಿಹ್ನೆಯನ್ನೂ ಇನ್ನೊಂದು ಎರಡನ್ನೂ ಬಳಸುತ್ತಿದ್ದ ಕಾಲದಲ್ಲಿ, ಒಂದು ಆಸ್ಕಿ, ಒಂದು ಎಬ್ಸಿಡಿಕ್ ಆಗಿದ್ದ ಲೋಕದಲ್ಲಿ, ಕಡತವನ್ನು ಇದ್ದಂತೆಯೇ ಕಳುಹಿಸಿದರೆ ಆಚೆಯವನಿಗೆ ಓದಲಾಗುತ್ತಿರಲಿಲ್ಲ. ಆದುದರಿಂದ ಕಳುಹಿಸುವವನು ಒಂದು ಸಾಮಾನ್ಯ ರೂಪಕ್ಕೆ ಪರಿವರ್ತಿಸಿ ಕಳುಹಿಸುವುದು, ಪಡೆಯುವವನು ಅದನ್ನು ತನ್ನ ರೂಪಕ್ಕೆ ತಿರುಗಿಸಿಕೊಳ್ಳುವುದು ಎಂಬ ಏರ್ಪಾಡಾಯಿತು. ಬೇರೆ ಏನೂ ಹೇಳದಿದ್ದರೆ ಕಡತವು ಪಠ್ಯವೇ ಎಂದು ಭಾವಿಸಬೇಕೆಂಬುದು 959ನೆಯ ಪತ್ರದ ವಿಧಿ. ಚಿತ್ರ, ಸಂಗೀತ, ಸಂಕುಚಿಸಿದ ಕಟ್ಟು, ಚಾಲನೆಯಾಗುವ ಕ್ರಮವಿಧಿ ಇವುಗಳೇ ಸರಕಿನ ಮುಖ್ಯಭಾಗವಾದ ಕಾಲ ಬಂದಾಗ ಆ ವಿಧಿ ಉರುಲಾಯಿತು. ‘ಬೈನರಿ’ ಎಂಬ ಒಂದು ಆದೇಶವನ್ನು ಕೊಡಲು ಮರೆತವನ ಕಡತವು ಪೂರ್ತಿಯಾಗಿ, ನಿರ್ವಿಘ್ನವಾಗಿ, ಸಾಗಣೆ ಮುಗಿಯಿತೆಂಬ 226ರ ಅಭಿನಂದನೆಯೊಡನೆ ಬಂದು ತಲಪಿ, ಅನಂತರ ತೆರೆಯದೆ ಹೋಗುತ್ತಿತ್ತು; ಏಕೆಂದರೆ ಚಿತ್ರದ ನಡುವೆ ದೈವವಶಾತ್ ಸಾಲಿನ ಅಂತ್ಯದ ಚಿಹ್ನೆಯನ್ನು ಹೋಲುವ ಬೈಟು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ವಿಧೇಯವಾದ ತಂತ್ರಾಂಶವು ಮತ್ತೊಂದನ್ನು ಸೇರಿಸಿಯೋ ಇದ್ದುದನ್ನು ಕಳೆದೋ ಇಟ್ಟಿರುತ್ತಿತ್ತು. ಬಂದ ಕಡತದ ಗಾತ್ರವು ಮೂಲಕ್ಕಿಂತ ಕೊಂಚ ಹೆಚ್ಚಾಗಿಯೋ ಕಡಮೆಯಾಗಿಯೋ ಇದ್ದರೆ ರೋಗ ಇದೇ ಎಂದು ಬಲ್ಲವರು ಕೂಡಲೆ ಹೇಳುತ್ತಿದ್ದರು.

ಈ ಉಪದ್ರವವು ಎಷ್ಟು ವ್ಯಾಪಕವಾಗಿತ್ತೆಂದರೆ, 1990ರ ದಶಕದ ನಡುವೆ ಪಿಎನ್‌ಜಿ ಎಂಬ ಚಿತ್ರರೂಪವನ್ನು ಕಲ್ಪಿಸಿದವರು ಪ್ರತಿ ಚಿತ್ರದ ನೆತ್ತಿಯಲ್ಲಿಯೇ ಅದಕ್ಕೆ ಪರೀಕ್ಷೆಯೊಂದನ್ನು ಕೆತ್ತಿಟ್ಟರು. ಆ ಕಡತಗಳೆಲ್ಲ ಎಂಟು ಬೈಟುಗಳ ಒಂದೇ ಮುದ್ರೆಯಿಂದ ಆರಂಭವಾಗುತ್ತವೆ: 137, 80, 78, 71, 13, 10, 26, 10. ಮೊದಲನೆಯ 137, ಎಂಟು ಬಿಟ್‌ಗಳ ಪೈಕಿ ಮೇಲಿನದನ್ನು ಕತ್ತರಿಸಿ ಏಳನ್ನೇ ದಾಟಿಸುವ ಮಾರ್ಗವನ್ನು ಹಿಡಿದುಕೊಡುತ್ತದೆ. ಮುಂದಿನ ಮೂರು ಬೈಟುಗಳು ಆ ರೂಪದ ಹೆಸರಿನ ಅಕ್ಷರಗಳು. ಅನಂತರದ 13 ಮತ್ತು 10 ಸಾಲು ಮುಗಿಯುವ ಜೋಡಿ, ಯಾರಾದರೂ ಅದನ್ನು ಒಂಟಿಯಾಗಿಸಿದರೆ ಸಿಕ್ಕಿಬೀಳುತ್ತಾರೆ. 26 ಬಂದೊಡನೆ ಹಳೆಯ ಡಾಸ್ ವ್ಯವಸ್ಥೆಯು ತೆರೆಯ ಮೇಲೆ ಕಡತವನ್ನು ತೋರಿಸುವುದನ್ನು ನಿಲ್ಲಿಸುತ್ತದೆ. ಕೊನೆಯ 10 ಒಂಟಿ, ಅದನ್ನು ಜೋಡಿಯಾಗಿಸಿದವರೂ ಸಿಕ್ಕಿಬೀಳುತ್ತಾರೆ. 1997ರ ಮಾರ್ಚಿನಲ್ಲಿ ಇದು 2083ನೆಯ ಆರ್‌ಎಫ್‌ಸಿಯಾಗಿ ಪ್ರಕಟವಾಯಿತು. ಇಂದು ಕ್ಷಣಕ್ಷಣಕ್ಕೂ ಕೋಟಿಗಟ್ಟಲೆ ಕೈಬದಲಾಗುವ ಚಿತ್ರಗಳು ತಾವೆಂದೂ ಕಾಣದ ಎಫ್‌ಟಿಪಿಯ ಗಾಯದ ಗುರುತನ್ನು ಹಣೆಯಲ್ಲಿ ಹೊತ್ತು ತಿರುಗುತ್ತಿವೆ.

ಎರಡನೆಯ ತೀರ್ಮಾನ, ಮಾತಿಗೆ ಒಂದು ಸಂಪರ್ಕ, ಸರಕಿಗೆ ಇನ್ನೊಂದು ಸಂಪರ್ಕ ಎಂಬುದು. ಗಿರಾಕಿಯು ಸರ್ವರಿನ 21ನೆಯ ಪೋರ್ಟಿಗೆ ಹೋಗಿ ಆದೇಶ ಕೊಡುತ್ತಾನೆ. ಜೊತೆಯಲ್ಲಿ ತಾನು ಕಾಯುತ್ತಿರುವ ವಿಳಾಸವನ್ನೂ ಪೋರ್ಟನ್ನೂ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಆರು ಸಂಖ್ಯೆಗಳಾಗಿ ತಿಳಿಸುತ್ತಾನೆ. ಸರ್ವರ್ ತನ್ನ 20ನೆಯ ಪೋರ್ಟಿನಿಂದ ತಾನೇ ಹೊರಟು ಆ ವಿಳಾಸಕ್ಕೆ ಬಂದು ಕಡತವನ್ನು ಒಪ್ಪಿಸುತ್ತದೆ. ಬೀದಿಯ ದಿನಸಿ ಅಂಗಡಿಯ ಶೆಟ್ಟರು ಪಟ್ಟಿಯನ್ನು ಅಂಗಡಿಯಲ್ಲಿ ಬರೆಸಿಕೊಂಡು ಸಾಮಾನನ್ನು ಆಳಿನ ಕೈಯಲ್ಲಿ ಮನೆಗೆ ಕಳುಹಿಸುವ ಪದ್ಧತಿಯಿದು. ಮನೆಗಳಿಗೆ ಬೇಲಿಯೂ ಕಾವಲುಗಾರನೂ ಇಲ್ಲದಿದ್ದ ಕಾಲಕ್ಕೆ ಇದರಲ್ಲಿ ಯಾವ ದೋಷವೂ ಇರಲಿಲ್ಲ. 1990ರ ದಶಕದಲ್ಲಿ ಕಚೇರಿಗಳು ತಮ್ಮ ಜಾಲಗಳ ಸುತ್ತ ಫೈರ್‌ವಾಲ್ ಎಂಬ ಕೋಟೆಯನ್ನು ಕಟ್ಟಿಕೊಂಡು, ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರಕೂಡದು ಎಂಬ ಆಜ್ಞೆ ಹೊರಡಿಸಿದಾಗ ಆಳು ಬಾಗಿಲಲ್ಲಿಯೇ ನಿಂತನು. ಹೆಸರು ಒಪ್ಪಿಗೆಯಾಯಿತು, ಪಾಸ್‌ವರ್ಡ್ ಒಪ್ಪಿಗೆಯಾಯಿತು, ಕಡತಗಳ ಪಟ್ಟಿಯನ್ನು ಕೇಳಿದೊಡನೆ ಮಾತ್ರ ಎಲ್ಲವೂ ಸ್ತಬ್ಧ. ಬಹಳ ಹೊತ್ತಿನ ಮೇಲೆ 425.

ಇದಕ್ಕೆ ಪರಿಹಾರವು ಹಳೆಯ ಪತ್ರದಲ್ಲಿಯೇ ಅಡಗಿದ್ದಿತು. ‘ಪಾಸ್ವ್’ ಎಂಬ ಆದೇಶ ಕೊಟ್ಟರೆ ಸರ್ವರ್ ತಾನು ಹೊರಡದೆ, ತಾನು ಕಾದಿರುವ ಪೋರ್ಟನ್ನು ತಿಳಿಸಿ ಗಿರಾಕಿಯನ್ನೇ ಬರಹೇಳುತ್ತದೆ. ಒಬ್ಬನೇ ಬಳಕೆದಾರನು ಎರಡು ಸರ್ವರುಗಳ ನಡುವೆ ನೇರವಾಗಿ ಕಡತ ಸಾಗಿಸುವುದಕ್ಕೆ ಒದಗಿಬರುವಂತೆ ಇಟ್ಟಿದ್ದ ಈ ಉಪಾಯವು ಬೇಲಿಯ ಒಳಗಿನವರಿಗೂ ರಕ್ಷೆಯಾದೀತೆಂಬುದನ್ನು ಸ್ಟೀವ್ ಬೆಲೋವಿನ್ 1994ರ ಫೆಬ್ರುವರಿಯಲ್ಲಿ 1579ನೆಯ ಪತ್ರದಲ್ಲಿ ವಿವರಿಸಿ, ಇನ್ನು ಮುಂದೆ ತಂತ್ರಾಂಶಗಳು ಇದನ್ನೇ ವಾಡಿಕೆಯ ಕ್ರಮವಾಗಿ ಹಿಡಿಯಲೆಂದು ಸಲಹೆ ಕೊಟ್ಟರು. ಅದೇ ವರ್ಷದ ಮೇ ತಿಂಗಳಲ್ಲಿ ನ್ಯಾಟ್ ಎಂಬ ವಿಳಾಸಾಂತರದ ಉಪಾಯವೂ ಪತ್ರರೂಪದಲ್ಲಿ ಬಂದಿತು. ಒಂದೇ ಬಹಿರಂಗ ವಿಳಾಸದ ಹಿಂದೆ ಹಲವು ಯಂತ್ರಗಳು ಖಾಸಗಿ ವಿಳಾಸಗಳಲ್ಲಿ ಬದುಕುವ ವ್ಯವಸ್ಥೆ ಅದು. ನ್ಯಾಟ್ ಲಕೋಟೆಯ ಮೇಲಿನ ವಿಳಾಸವನ್ನು ಬದಲಾಯಿಸುತ್ತದೆ, ಒಳಗಿನ ಕಾಗದವನ್ನು ಓದುವುದಿಲ್ಲ. ಎಫ್‌ಟಿಪಿಯೋ ವಿಳಾಸವನ್ನು ಕಾಗದದ ಒಳಗೇ ಬರೆಯುವ ಕಟ್ಟಳೆ. ಹೊರಗಿನವರಿಗೆ ಎಂದೂ ಎಟುಕದ 192.168 ಎಂದು ಮೊದಲಾಗುವ ಖಾಸಗಿ ವಿಳಾಸಕ್ಕೆ ಬಾ ಎಂದು ಕರೆಯುವ ಗಿರಾಕಿಯೂ, ಪಾಸ್ವ್‌ಗೆ ಉತ್ತರವಾಗಿ ತನ್ನ ಅಂತಹುದೇ ಒಳವಿಳಾಸವನ್ನು ಕೊಡುವ ಸರ್ವರೂ ಇಂದಿಗೂ ಸಿಕ್ಕುತ್ತಾರೆ. ಪಟ್ಟಿಯೇ ಬಾರದೆ ನಿಂತ ಸಂಪರ್ಕದ ದಾಖಲೆಯಲ್ಲಿ ಆ ಆರು ಸಂಖ್ಯೆಗಳನ್ನು ಒಮ್ಮೆ ಓದಿದರೆ ಅರ್ಧ ಚಿಕಿತ್ಸೆಯಾದಂತೆಯೇ.

ಇಷ್ಟೆಲ್ಲ ಕುಂದುಗಳ ನಡುವೆಯೂ ಎಫ್‌ಟಿಪಿ ಒಂದು ಉದಾರವಾದ ಸಂಸ್ಕೃತಿಯನ್ನು ಪೋಷಿಸಿತು. ‘ಅನಾನಿಮಸ್’ ಎಂಬ ಹೆಸರು ಹೇಳಿ, ಪಾಸ್‌ವರ್ಡಿನ ಸ್ಥಾನದಲ್ಲಿ ಸೌಜನ್ಯಕ್ಕೆಂದು ತನ್ನ ಮಿಂಚಂಚೆಯ ವಿಳಾಸವನ್ನು ಕೊಟ್ಟ ಯಾರಿಗಾದರೂ ಬಾಗಿಲು ತೆರೆಯುವ ಭಂಡಾರಗಳು ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದುವು. ಎಲ್ಲಿ ಏನಿದೆಯೆಂದು ಹುಡುಕುವುದಕ್ಕೆ ಬಾರ್ಬಡೋಸಿನಲ್ಲಿ ಹುಟ್ಟಿದ ಅಲನ್ ಎಮ್ಟೇಜ್ 1990ರ ಸುಮಾರಿನಲ್ಲಿ ಮಾಂಟ್ರಿಯಲಿನ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ‘ಆರ್ಚಿ’ ಎಂಬ ಸೂಚಿಯನ್ನು ಕಟ್ಟಿದರು. ಅಂತರಜಾಲದ ಶೋಧಕಯಂತ್ರಗಳಿಗೆಲ್ಲ ಅದೇ ಹಿರಿಯಣ್ಣ. 1991ರ ಸೆಪ್ಟೆಂಬರಿನಲ್ಲಿ ಲೀನಸ್ ಟೋರ್ವಾಲ್ಡ್ಸ್ ತಾವು ಬರೆದ ಕಾರ್ಯವ್ಯವಸ್ಥೆಯ ಮೊದಲ ಆವೃತ್ತಿಯನ್ನು ಫಿನ್ಲೆಂಡಿನ ಫ್ಯೂನೆಟ್ ಭಂಡಾರಕ್ಕೆ ಏರಿಸಹೊರಟಾಗ, ಅದಕ್ಕೆ ‘ಫ್ರೀಯಾಕ್ಸ್’ ಎಂದು ಹೆಸರಿಡುವುದು ಅವರ ಮನಸ್ಸಿನಲ್ಲಿತ್ತು. ಭಂಡಾರದ ಮೇಲ್ವಿಚಾರಕರಾಗಿದ್ದ ಆರಿ ಲೆಮ್ಕೆ ಆ ಹೆಸರನ್ನು ಮೆಚ್ಚದೆ ಕಡತಕೋಶಕ್ಕೆ ‘ಲಿನಕ್ಸ್’ ಎಂದು ಹೆಸರಿಟ್ಟರು. ಲೋಕವೆಲ್ಲ ಬಳಸುವ ಹೆಸರೊಂದು ಎಫ್‌ಟಿಪಿಯ ಕಡತಕೋಶದಿಂದ ಬಂದುದು ಹೀಗೆ.

ಭಾರತದಲ್ಲಿ ಇವೆಲ್ಲದರ ಅನುಭವ ಮೊದಲಾದುದು 1986ರಲ್ಲಿ ಸ್ಥಾಪಿತವಾದ ಅರ್ನೆಟ್ ಜಾಲದಿಂದ. ಅದರ ಆರಂಭದ ಸಹಭಾಗಿಗಳಲ್ಲಿ ಐದು ಐಐಟಿಗಳ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾಮಾನ್ಯರಿಗೆ ಬಾಗಿಲು ತೆರೆದುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ದೂರವಾಣಿಯ ತಂತಿಯ ಮೇಲೆ ಮೋಡೆಮ್ ಕೀರಲು ದನಿಯಲ್ಲಿ ಕೂಗಿಕೊಂಡು ಸಂಪರ್ಕ ಹಿಡಿಯುತ್ತಿದ್ದ ಆ ವರ್ಷಗಳಲ್ಲಿ, ಸೆಕೆಂಡಿಗೆ 28,800 ಬಿಟ್‌ಗಳ ವೇಗದಲ್ಲಿ ಹತ್ತು ಮೆಗಾಬೈಟಿನ ಕಡತವು ಯಾವ ಅಡ್ಡಿಯೂ ಇಲ್ಲದೆ ಬಂದರೂ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಒಳಮನೆಯಲ್ಲಿ ಯಾರಾದರೂ ಜೋಡಿ ದೂರವಾಣಿಯನ್ನು ಎತ್ತಿ ‘ಹಲೋ’ ಎಂದರೆ ಮುಗಿಯಿತು. ಹೀಗೆ ಕಡಿದುಹೋದ ಸಾಗಣೆಯನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕೆ, ನಿಂತಲ್ಲಿಂದ ಮುಂದುವರಿಸಬಹುದೆ ಎಂಬುದು ಶ್ರೀಮಂತ ಜಾಲಗಳವರಿಗೆ ಅನುಕೂಲದ ಪ್ರಶ್ನೆಯಾದರೆ ನಮ್ಮವರಿಗೆ ದೂರವಾಣಿಯ ಬಿಲ್ಲಿನ ಪ್ರಶ್ನೆ.

ಉತ್ತರ ಅದಾಗಲೇ ಬೇರೆಡೆ ಸಿದ್ಧವಾಗಿತ್ತು. 1977ರಲ್ಲಿ ವಾರ್ಡ್ ಕ್ರಿಸ್ಟೆನ್ಸನ್ ರಚಿಸಿದ ಎಕ್ಸ್‌ಮೋಡೆಮ್ ವಿಧಾನವು 128 ಬೈಟುಗಳ ಒಂದೊಂದು ತುಂಡನ್ನು ಕಳುಹಿಸಿ, ಒಪ್ಪಿಗೆ ಬಂದ ಮೇಲೆಯೇ ಮುಂದಿನದನ್ನು ಕಳುಹಿಸುತ್ತಿತ್ತು. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ಕೊಟ್ಟ ಝೆಡ್‌ಮೋಡೆಮ್, ಕಡಿದಲ್ಲಿಂದಲೇ ಕಡತವನ್ನು ಮುಂದುವರಿಸುವ ಜಾಣ್ಮೆಯನ್ನು ಪಡೆದಿತ್ತು. ಎಫ್‌ಟಿಪಿಯಲ್ಲಿಯೂ ‘ರೆಸ್ಟ್’ ಎಂಬ ಪುನರಾರಂಭದ ಆದೇಶವಿತ್ತಾದರೂ, ಅದು ಯಾರೂ ಬಳಸದ ಸಾಗಣೆಯ ವಿಧಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಎಲ್ಲರೂ ಬಳಸುತ್ತಿದ್ದ ಧಾರಾರೂಪದ ಸಾಗಣೆಗೆ ತಂತ್ರಾಂಶ ಬರೆಯುವವರು ಅದನ್ನು ತಾವಾಗಿಯೇ ಒಗ್ಗಿಸಿಕೊಂಡರು. ಬಳಕೆಯಲ್ಲಿ ವರ್ಷಗಟ್ಟಲೆ ನಡೆದುಹೋದ ಈ ರೂಢಿಗೆ ಪ್ರಮಾಣದ ಮುದ್ರೆ ಬಿದ್ದುದು 2007ರ ಮಾರ್ಚಿನಲ್ಲಿ, 3659ನೆಯ ಪತ್ರದಿಂದ. 1986ರ ಜನವರಿಯಲ್ಲಿ ಸ್ಯಾನ್ ಡಿಯೇಗೋದಲ್ಲಿ 21 ಮಂದಿಯ ಮೊದಲ ಸಭೆ ನಡೆಸಿದ, ಇಂತಹ ಮುದ್ರೆಯನ್ನು ಒತ್ತುವ ಐಇಟಿಎಫ್ ಮಂಡಲಿಯು ಇಂದಿಗೂ ಮತ ಎಣಿಸುವುದಿಲ್ಲ. ಸ್ಥೂಲವಾದ ಸಮ್ಮತಿ ಮತ್ತು ನಡೆಯುವ ತಂತ್ರಾಂಶ, ಇವೆರಡನ್ನೇ ನೋಡುತ್ತದೆ. ಸಭೆಯಲ್ಲಿ ಒಲವನ್ನು ಅಳೆಯಬೇಕಾದಾಗ ಸದಸ್ಯರು ಗುಂಯ್‌ಗುಡುವುದೂ ಉಂಟು. ರೂಢಿಯು ಮುಂದೆ, ಶಾಸ್ತ್ರವು ಹಿಂದೆ ಎಂಬ ಈ ಕ್ರಮ ನಮ್ಮ ವೈಯಾಕರಣರಿಗೆ ಅಪರಿಚಿತವಲ್ಲ.

ವೆಬ್ಬಿನ ಕಟ್ಟಳೆಗೆ 1997ರಲ್ಲಿ ಬಂದ 1.1 ಎಂಬ ಆವೃತ್ತಿಯು, ಕಡತದ ಇಂತಿಂತಹ ಭಾಗ ಮಾತ್ರ ಬೇಕೆಂದು ಕೇಳುವ, ಅದಕ್ಕೆ ಸರ್ವರ್ 206 ಎಂದು ಉತ್ತರಿಸುವ ಏರ್ಪಾಡನ್ನು ತಂದಿತು. ಗೆಟ್‌ರೈಟ್, ಗೋಝಿಲ್ಲಾ, ಫ್ಲ್ಯಾಷ್‌ಗೆಟ್ ಮೊದಲಾದ ಡೌನ್‌ಲೋಡ್ ಸಹಾಯಕಗಳು ಸೈಬರ್ ಕೇಂದ್ರಗಳಲ್ಲಿ ಮನೆಮಾತಾದುದು ಇದರ ಬಲದಿಂದ. ಇಲ್ಲಿಯೂ ಒಂದು ಗುಂಡಿಯುಂಟು: ನಿನ್ನೆ ಅರ್ಧ ತಂದ ಕಡತವನ್ನು ಸರ್ವರಿನವರು ರಾತ್ರಿ ಬದಲಾಯಿಸಿಟ್ಟಿದ್ದರೆ, ಇಂದು ತಂದ ಉತ್ತರಾರ್ಧವು ಬೇರೆಯದೇ ದೇಹಕ್ಕೆ ಸೇರಿದುದಾಗಿರುತ್ತದೆ. ಕಡತ ಬದಲಾಗದಿದ್ದರೆ ಮಾತ್ರ ಭಾಗವನ್ನು ಕೊಡು, ಬದಲಾಗಿದ್ದರೆ ಪೂರ್ತಿ ಕೊಡು ಎಂದು ಕೇಳುವ ವಿಧಿಯೂ ಅದೇ ಕಟ್ಟಳೆಯಲ್ಲಿದೆ; ಅದನ್ನು ಉಪೇಕ್ಷಿಸಿದ ತಂತ್ರಾಂಶಗಳು ನರಸಿಂಹಾವತಾರಗಳನ್ನು ಸೃಷ್ಟಿಸಿದುವು.

ಕಡತ ಪೂರ್ತಿ ಬಂದಿತು, ಗಾತ್ರವೂ ಸರಿ. ಆದರೂ ಅದು ಸರಿಯಾದುದೇ ಎಂಬ ನಂಬಿಕೆ ಎಲ್ಲಿಂದ? ಟಿಸಿಪಿ ಪ್ರತಿಯೊಂದು ಪೊಟ್ಟಣಕ್ಕೂ 16 ಬಿಟ್‌ಗಳ ಒಂದು ತಾಳೆಮೊತ್ತವನ್ನು ಕಟ್ಟಿ ಕಳುಹಿಸುತ್ತದೆ. ಬಹುಕಾಲ ಅದೇ ಸಾಕೆಂದು ಎಲ್ಲರೂ ನಿಶ್ಚಿಂತರಾಗಿದ್ದರು. 2000ನೆಯ ಇಸವಿಯಲ್ಲಿ ಜೋನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ನಿಜವಾದ ಜಾಲಗಳ ಸಂಚಾರವನ್ನು ಪರಿಶೀಲಿಸಿ, 1,100ರಿಂದ 32,000 ಪೊಟ್ಟಣಗಳಿಗೆ ಒಂದರಂತೆ ತಾಳೆ ತಪ್ಪುತ್ತಿರುವುದನ್ನೂ, ತಾಳೆ ಸರಿಬಂದರೂ ಒಳಗೆ ಕೆಟ್ಟಿರುವ ಪೊಟ್ಟಣವು ಒಂದು ಕೋಟಿ ಅರುವತ್ತು ಲಕ್ಷಕ್ಕೆ ಒಂದರಿಂದ ಹಿಡಿದು ಸಾವಿರ ಕೋಟಿಗೆ ಒಂದರವರೆಗೆ ಇರಬಹುದೆಂಬುದನ್ನೂ ತೋರಿಸಿಕೊಟ್ಟರು. ಭಂಡಾರಗಳವರು ಕಡತದ ಪಕ್ಕದಲ್ಲಿ ಅದರ ಎಂಡಿ5 ಮೊತ್ತವನ್ನೋ ಶಾ ಮೊತ್ತವನ್ನೋ ಬರೆದಿಡುವ ವಾಡಿಕೆ ಅರ್ಥಹೀನವಾದ ಆಚಾರವಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾಗಿಲ್ಲ. ಇಳಿಸಿಕೊಂಡವನು ಆ ಮೊತ್ತವನ್ನು ತನ್ನಲ್ಲಿ ಗುಣಿಸಿ ಹೋಲಿಸಿದರೆ ಸಂಶಯವು ಅಲ್ಲಿಗೇ ಪರಿಹಾರವಾಗುತ್ತದೆ. ಹೋಲಿಸುವವರು ಮಾತ್ರ ವಿರಳ.

ಹೋಲಿಸುವ ಶ್ರಮವನ್ನು ಬಳಕೆದಾರನಿಂದ ಕಿತ್ತುಕೊಂಡು ಯಂತ್ರಕ್ಕೇ ವಹಿಸಿದುದು ಬಿಟ್‌ಟೊರೆಂಟಿನ ದೊಡ್ಡ ಗುಣ. ಹಾಡುಗಳ ವಿನಿಮಯಕ್ಕೆ ಹೆಸರಾಗಿದ್ದ ನ್ಯಾಪ್‌ಸ್ಟರ್ ಗ್ರಂಥಸ್ವಾಮ್ಯದ ವ್ಯಾಜ್ಯದಲ್ಲಿ ಸೋತು ಬಾಗಿಲು ಮುಚ್ಚಿದ 2001ರ ಜುಲೈ ತಿಂಗಳಲ್ಲಿಯೇ ಬ್ರಾಮ್ ಕೋಹೆನ್ ಇದನ್ನು ಲೋಕಕ್ಕೆ ಬಿಟ್ಟರು. ಕಡತವನ್ನು ತುಣುಕುಗಳಾಗಿ ಒಡೆದು, ಒಂದೊಂದು ತುಣುಕಿನ 20 ಬೈಟುಗಳ ಶಾ-1 ಮೊತ್ತವನ್ನು ಮೊದಲೇ ಬರೆದಿಟ್ಟು, ಯಾರಿಂದಲೇ ಬರಲಿ, ಮೊತ್ತ ಕೂಡದ ತುಣುಕನ್ನು ಎಸೆದು ಅದನ್ನಷ್ಟೇ ಮತ್ತೆ ತರಿಸುವುದು ಅದರ ಕ್ರಮ. ಪಡೆಯುವವನೇ ಕೊಡುವವನೂ ಆಗಬೇಕು. ಎಲ್ಲರಲ್ಲಿಯೂ ಇರುವ ತುಣುಕಿಗಿಂತ ಅಪರೂಪದ ತುಣುಕನ್ನು ಮೊದಲು ಸಂಗ್ರಹಿಸಬೇಕು. ನೂರಕ್ಕೆ ತೊಂಬತ್ತೊಂಬತ್ತು ಬಂದು ನಿಂತ ಟೊರೆಂಟನ್ನು ಕಂಡು ಗೊಣಗುವವರು ತಿಳಿಯಬೇಕಾದುದೇನೆಂದರೆ, ಆ ಕೊನೆಯ ತುಣುಕು ಆ ಹೊತ್ತಿನಲ್ಲಿ ಸಂಪರ್ಕದಲ್ಲಿರುವ ಯಾರ ಬಳಿಯಲ್ಲಿಯೂ ಇಲ್ಲ. ಪೂರ್ಣ ಪ್ರತಿಯುಳ್ಳ ಸೀಡರ್ ಒಬ್ಬನು ಬರುವವರೆಗೆ ಯಾವ ಗುಂಡಿ ಒತ್ತಿದರೂ ಫಲವಿಲ್ಲ. ಈ ಕಟ್ಟಳೆಯು ಐಇಟಿಎಫಿನ ಹೊರಗೇ ಬೆಳೆದು, ತನ್ನದೇ ಪತ್ರಮಾಲೆಯನ್ನು ಇಟ್ಟುಕೊಂಡಿತು. ಆದರೂ, ಟೊರೆಂಟ್ ನಡೆಯುತ್ತಿದ್ದಾಗ ಮನೆಯ ಮಿಕ್ಕವರ ಜಾಲವೆಲ್ಲ ಉಸಿರುಗಟ್ಟುತ್ತದೆಂಬ ದೂರಿನಿಂದ ಹುಟ್ಟಿದ, ಇತರರಿಗೆ ದಾರಿಬಿಟ್ಟು ಸಾಗುವ ಒಂದು ಉಪಾಯವು 2012ರ ಡಿಸೆಂಬರಿನಲ್ಲಿ 6817ನೆಯ ಆರ್‌ಎಫ್‌ಸಿಯಾಗಿ ಮುಖ್ಯಧಾರೆಗೆ ಬಂದು ಸೇರಿತು.

ಇಷ್ಟೊಂದು ಗಂಭೀರವಾದ ದಫ್ತರದಲ್ಲಿ ವಿನೋದಕ್ಕೂ ಎಡೆಯುಂಟೆಂದು ಹೇಳದಿದ್ದರೆ ಅನ್ಯಾಯವಾದೀತು. 1990ರ ಏಪ್ರಿಲ್ 1ರ 1149ನೆಯ ಪತ್ರವು ಪೊಟ್ಟಣಗಳನ್ನು ಪಾರಿವಾಳಗಳ ಕಾಲಿಗೆ ಕಟ್ಟಿ ಸಾಗಿಸುವ ವಿಧಾನವನ್ನು ಪರಮ ಶಾಸ್ತ್ರೀಯವಾಗಿ ವಿವರಿಸುತ್ತದೆ. 2001ರ ಏಪ್ರಿಲಿನಲ್ಲಿ ನಾರ್ವೆಯ ಬರ್ಗೆನ್ ನಗರದ ಉತ್ಸಾಹಿಗಳು ಅದನ್ನು ನಿಜವಾಗಿಯೂ ಮಾಡಿ ನೋಡಿದರು: ಒಂಬತ್ತು ಪೊಟ್ಟಣಗಳು ಹೊರಟುವು, ನಾಲ್ಕಕ್ಕೆ ಉತ್ತರ ಬಂದಿತು, ಒಂದೊಂದು ಉತ್ತರಕ್ಕೂ ಐವತ್ತು ನಿಮಿಷಕ್ಕೆ ಮೇಲ್ಪಟ್ಟ ಕಾಲ ಹಿಡಿಯಿತು. ನಮ್ಮ ಕೆಲವು ಮೊಬೈಲ್ ಸಂಪರ್ಕಗಳಿಗೆ ಇದು ಸ್ಪರ್ಧಿಯಾಗಬಲ್ಲುದೆಂದು ಮಲೆನಾಡಿನವರು ಹೇಳಿದರೆ ನಾನು ವಾದಕ್ಕೆ ಹೋಗುವುದಿಲ್ಲ.

ಎಫ್‌ಟಿಪಿಯ ಸಾರ್ವಜನಿಕ ಜೀವನ ಈಗ ಮುಗಿಯುತ್ತ ಬಂದಿದೆ. ಪಾಸ್‌ವರ್ಡನ್ನು ಮರೆಯಿಲ್ಲದೆ ಬಯಲಿನಲ್ಲಿ ಒಯ್ಯುವ ಅದರ ಸ್ವಭಾವವನ್ನು ಇಂದಿನ ಕಾಲ ಕ್ಷಮಿಸಲಿಲ್ಲ. 2005ರಲ್ಲಿ ಬಂದ ಗೂಢಲಿಪಿಯ ಕವಚವೂ ಅದನ್ನು ಉಳಿಸಲಿಲ್ಲ. ಲಿನಕ್ಸಿನ ತಿರುಳನ್ನು ಹಂಚುವ ಭಂಡಾರವು 2017ರ ಮಾರ್ಚಿನಲ್ಲಿಯೂ ಡೆಬಿಯನ್ ಸಂಸ್ಥೆಯು ಅದೇ ವರ್ಷದ ನವೆಂಬರಿನಲ್ಲಿಯೂ ತಮ್ಮ ಸಾರ್ವಜನಿಕ ಎಫ್‌ಟಿಪಿ ಸೇವೆಯನ್ನು ನಿಲ್ಲಿಸಿದುವು. 2021ರಲ್ಲಿ ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡೂ ಅದನ್ನು ತಮ್ಮೊಳಗಿನಿಂದ ಕಿತ್ತುಹಾಕಿದುವು. ಆದರೆ 959ನೆಯ ಪತ್ರವನ್ನು ಯಾರೂ ರದ್ದುಮಾಡಿಲ್ಲ, ಮತ್ತು ಜಾಲತಾಣ ನಡೆಸುವವರು ತಮ್ಮ ಬಾಡಿಗೆಯ ಸರ್ವರಿಗೆ ಕಡತ ಏರಿಸುವುದಕ್ಕೆ ಅದನ್ನೇ ಬಳಸುವ ರೂಢಿ ಇನ್ನೂ ಅಳಿದಿಲ್ಲ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅಲ್ಲಿ ಎದುರಾಗುವ ತೊಡಕು ಕಡತದ ಹೆಸರಿನದು. ಮೂಲ ಕಟ್ಟಳೆಯು ಹೆಸರುಗಳನ್ನು ಆಸ್ಕಿಯಲ್ಲಿ ಮಾತ್ರ ಕಲ್ಪಿಸಿಕೊಂಡಿತ್ತು. 1999ರ ಜುಲೈನಲ್ಲಿ ಬಂದ 2640ನೆಯ ಪತ್ರವು ಲೋಕದ ಎಲ್ಲ ಲಿಪಿಗಳ ಹೆಸರುಗಳೂ ಯುಟಿಎಫ್-8 ರೂಪದಲ್ಲಿ ಸಾಗಲೆಂದು ವಿಧಿಸಿ, ಸರ್ವರಿಗೆ ಆ ಸಾಮರ್ಥ್ಯವಿದೆಯೆ ಎಂಬುದನ್ನು ‘ಫೀಟ್’ ಎಂಬ ಆದೇಶದಿಂದ ಕೇಳಿ ತಿಳಿಯುವ ಕ್ರಮವನ್ನು ಕೊಟ್ಟಿತು. ಆ ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ‘ಕನ್ನಡ’ ಎಂಬ ಪದವೊಂದೇ, ಒತ್ತಕ್ಷರದ ನಡುವಣ ವಿರಾಮವನ್ನೂ ಸೇರಿಸಿ, 15 ಬೈಟುಗಳಾಗುತ್ತದೆ. ಏರಿಸಿದ ಕಡತದ ಹೆಸರು ಆಚೆಯಲ್ಲಿ ವಿಚಿತ್ರ ಲ್ಯಾಟಿನ್ ಚಿಹ್ನೆಗಳಾಗಿ, ನೆತ್ತಿಯ ಮೇಲೆ ಓರೆಗೆರೆಯುಳ್ಳ ‘ಎ’ ಅಕ್ಷರವು ಮೂರಕ್ಕೊಂದು ಸಲ ಮರುಕಳಿಸುವಂತೆ ಕಂಡರೆ ಗಾಬರಿಪಡಬೇಕಾಗಿಲ್ಲ. ಬೈಟುಗಳು ಕ್ಷೇಮವಾಗಿವೆ, ಓದುವ ಸಂಕೇತ ಮಾತ್ರ ತಪ್ಪಿದೆ, ತಂತ್ರಾಂಶದ ಸಿದ್ಧತೆಯಲ್ಲಿ ಯುಟಿಎಫ್-8ನ್ನು ಆರಿಸಿದರೆ ಹೆಸರು ಹಿಂತಿರುಗುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಅಕ್ಷರಗಳು ದಾರಿಯಲ್ಲಿಯೇ ಕಳೆದುಹೋಗಿವೆಯೆಂದು ಸಂಶಯಿಸಿ, ಹೊಸದಾಗಿ ಹೆಸರಿಟ್ಟು ಮತ್ತೆ ಏರಿಸುವುದೇ ಲೇಸು.